ಎಡೆಗೆ ಬ್ರಾಂದಿ, ಕೇಕಿಗೆ ರಮ್
ಪಿತೃಪಕ್ಷದ ಎಡೆಯಲ್ಲಿ ಹಿರಿಯರಿಗೆ ಇಷ್ಟವಾಗಿದ್ದದ್ದೆಲ್ಲ ಇರಬೇಕು ಎಂಬುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಎಷ್ಟೋ ಮನೆಗಳ ಕಟ್ಟಳೆ: ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ, ಒಂದು ಕಟ್ಟು ಬೀಡಿ, ತಾತ ಕುಡಿಯುತ್ತಿದ್ದವರಾದರೆ ಪಕ್ಕದಲ್ಲೊಂದು ಕ್ವಾರ್ಟರ್ ಬ್ರಾಂದಿ. 2024ರಲ್ಲಿ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 2ಕ್ಕೆ, ಗಾಂಧಿ ಜಯಂತಿಯ ದಿನವೇ. ಅಂದು ರಾಜ್ಯದಲ್ಲಿ ಮದ್ಯ ಮಾರುವಂತಿಲ್ಲ. ಬುದ್ಧಿವಂತರು ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಬೇಕಿತ್ತು. ಮರೆತವರ ಮನೆಯ ತಾತ ಒಣಗಂಟಲಲ್ಲೇ ಹಿಂದಿರುಗಬೇಕಿತ್ತು. (ಬಾಪೂಜಿಗಂತೂ ಸಂತೋಷವಾಗಿರಬೇಕು.) ಎಡೆಗೆ ಅಂದರೂ ಅಷ್ಟೇ, ಕುಡಿಯೋಕೆ ಅಂದರೂ ಅಷ್ಟೇ, ಅಬಕಾರಿ ಕಾನೂನಿಗೆ ಬಾಟಲಿ ಬಾಟಲಿಯೇ. ಅದನ್ನು ತರಲು ಹೋಗುವ ಮೊಮ್ಮಗನ ವಯಸ್ಸಿನದು ಇನ್ನೊಂದು ಗೋಜಲು. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮ 21 ಎನ್ನುತ್ತದೆ. ಎರಡನ್ನೂ 18ಕ್ಕೆ ಹೊಂದಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿ, ವಿರೋಧ ಬಂದೊಡನೆ ಹಿಂತೆಗೆದುಕೊಂಡಿತು. ಡಿಸೆಂಬರ್ ಬಂದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಕ್ರಿಸ್‌ಮಸ್ಸಿಗೆಂದು ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿಯ ಪ್ಲಮ್ ಕೇಕ್ ಕೊಳ್ಳುವ ಹುಡುಗನ ವಯಸ್ಸನ್ನು ಯಾವ ಬೇಕರಿಯವರೂ ಕೇಳಿದ್ದು ನಾನು ಕಂಡಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನದಂಡದಂತೆ ಶೇ 0.5ಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಮದ್ಯವೇ. ಆದರೆ ಆ ಗೆರೆ ಎಳೆದದ್ದು ಪಾನೀಯಕ್ಕೆ, ಕೇಕಿಗಲ್ಲ. ಓವನ್ನಿನ ಕಾವಿಗೆ ಮದ್ಯಸಾರ ಬಹುಮಟ್ಟಿಗೆ ಹಾರಿಹೋಗುತ್ತದೆ, ಪೂರ್ತಿಯಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕ್ರೈಸ್ತ ಮನೆಗಳಲ್ಲಿ ಹಬ್ಬದ ಕೇಕು ನೆರೆಹೊರೆಗೂ ಹೋಗುತ್ತದೆ. ಆದ್ದರಿಂದ ಬೇಕರಿಯವರೇ, ರಮ್ ಹಾಕಿದ್ದರೆ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ; ಕುಡಿಯದವರೂ ಮಕ್ಕಳೂ ತಿನ್ನುತ್ತಾರೆ.