ಪದದಾಟ ಆಡಿದರೆ ಮರೆವಿನ ಕಾಯಿಲೆ ಬರುವುದಿಲ್ಲವೇ? ಫಾರ್ವರ್ಡ್ ಹೇಳುವುದೆಷ್ಟು, ನಿಜವೆಷ್ಟು

"ದಿನಕ್ಕೆ 15 ನಿಮಿಷ ಈ ಪದದಾಟ ಆಡಿ, ಜೀವನದಲ್ಲಿ ಮರೆವಿನ ಕಾಯಿಲೆ ಬರುವುದಿಲ್ಲ. ವೈದ್ಯರೇ ಹೇಳಿದ್ದಾರೆ. 10 ಜನರಿಗೆ ಕಳಿಸಿ." ಇಂಥ ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಹಂಚಿಹೋಗಿರುವ ನಮ್ಮ ಬಳಗದ ಗುಂಪಿಗೂ ಬಂತು. ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿತ್ತು: "10 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮರೆವು ಶುರುವಾಗಿದೆ ಎಂದೇ ಅರ್ಥ."

ಅದೇ ಸಂಜೆ ರಾಣೆಬೆನ್ನೂರಿನ ಮನೆಯಲ್ಲಿ ಮೊಮ್ಮಗ ಮೊಬೈಲಿನಲ್ಲಿ ಟೈಮರ್ ಹಚ್ಚಿ ಅಜ್ಜಿಯ ಮುಂದೆ ಕುಳಿತ. ಮೂರು ಪದಕ್ಕೆ ಉತ್ತರ ತಡವಾಯಿತು. "ನನಗ ಮರವು ಬಂದೈತಿ, ಬಿಡೋ" ಎಂದು ಅಜ್ಜಿ ಎದ್ದು ಒಳಗೆ ಹೋದರು. ಮುಂದೆ ಎಷ್ಟೋ ದಿನ ಅವರು ಯಾವ ಆಟಕ್ಕೂ ಬಂದು ಕೂರಲಿಲ್ಲ. ಮದುವೆಮನೆಯಲ್ಲಿ ಒಡಪು ಹೇಳಲು ನಿಂತರೆ ಸುತ್ತಲಿನವರೆಲ್ಲ ಕಿವಿಗೊಟ್ಟು ಕೇಳುತ್ತಿದ್ದ ಅಜ್ಜಿ ಅವರು.

ಒಂದು ಫಾರ್ವರ್ಡ್ ಪದದಾಟವನ್ನು ಒಮ್ಮೆಲೇ ಔಷಧವನ್ನೂ ಪರೀಕ್ಷೆಯನ್ನೂ ಮಾಡಿಬಿಟ್ಟಿತ್ತು. ನಿಜಕ್ಕೂ ಅದು ಔಷಧವೇ? ಪರೀಕ್ಷೆಯೇ? ಒಂದೊಂದಾಗಿ ನೋಡೋಣ.

ಈ ಆಟ ನಮಗೆ ಹೊಸದಲ್ಲ

ಒಂದು ಪದದಿಂದ ಇನ್ನೊಂದು ಪದಕ್ಕೆ ಜಿಗಿಯುವುದು, ಸುಳಿವು ಕೊಟ್ಟು ಮುಚ್ಚಿಟ್ಟ ಪದವನ್ನು ಊಹಿಸಲು ಬಿಡುವುದು: ಪದದಾಟವೆಂದರೆ ಇಷ್ಟೇ. ನಮ್ಮ ಹಿರಿಯರ ಒಗಟು ಮಾಡುತ್ತಿದ್ದುದೂ ಇದನ್ನೇ. ಉತ್ತರ ಕರ್ನಾಟಕದಲ್ಲಿ ಗಂಡನ ಅಥವಾ ಹೆಂಡತಿಯ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪು ಈಗಲೂ ಮದುವೆ, ಸೀಮಂತಗಳಲ್ಲಿ ಕೇಳುತ್ತದೆ.

ಹಾವೇರಿ ಜಿಲ್ಲೆಗಂತೂ ಇದರ ನಂಟು ಹಳೆಯದು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿ, ಈಗ ಬ್ಯಾಡಗಿ ತಾಲ್ಲೂಕಿನಲ್ಲಿರುವ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರು ಮುಂಡಿಗೆಗಳಿಗೆ ಹೆಸರಾದವರು. ಮುಂಡಿಗೆಯೂ ಅರ್ಥವನ್ನು ಒಗಟಿನಂತೆ ಮುಚ್ಚಿಟ್ಟ ಹಾಡೇ. ಸರ್ವಜ್ಞನ ಹುಟ್ಟೂರಿನ ಮಾತು ಬಂದಾಗ ಕೇಳಿಬರುವ ಮಾಸೂರು, ಅಬಲೂರು ಎರಡೂ ಇದೇ ಜಿಲ್ಲೆಯವು. ಅವನ ತ್ರಿಪದಿಗಳಲ್ಲೂ ಒಗಟುಗಳು ಬೇಕಾದಷ್ಟಿವೆ.

ಪದ ಕೇಳಿದಾಗ ತಲೆಯಲ್ಲಿ ಏನಾಗುತ್ತದೆ?

"ಏಲಕ್ಕಿ" ಎಂದು ಕೇಳಿದರೆ ಮೈಸೂರಿನವರಿಗೆ ಪಾಯಸ ನೆನಪಾಗಬಹುದು. ಹಾವೇರಿಯವರಿಗೆ ಥಟ್ಟನೆ ಬರುವ ಪದ "ಹಾರ". ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಾದರೂ ಅದರ ಹಾರಕ್ಕೆ ಹೆಸರಾದದ್ದು ಹಾವೇರಿ. ರಾಣೆಬೆನ್ನೂರಿನ ಮಗುವಿಗೆ "ಅಭಯಾರಣ್ಯ" ಎಂದರೆ ಹುಲಿಗಿಂತ ಮೊದಲು ಕೃಷ್ಣಮೃಗ ಕಣ್ಣಮುಂದೆ ಬರುತ್ತದೆ.

ನಮ್ಮ ನೆನಪಿನಲ್ಲಿ ಪದಗಳು ನಿಘಂಟಿನಂತೆ ಅಕಾರಾದಿಯಾಗಿ ಕುಳಿತಿಲ್ಲ. ಬಲೆಯ ಗಂಟುಗಳಂತೆ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದು ಗಂಟನ್ನು ಎಳೆದರೆ ಹತ್ತಿರದ ಗಂಟುಗಳೂ ಅಲುಗುತ್ತವೆ. ಮನೋವಿಜ್ಞಾನಿಗಳಾದ ಆ್ಯಲನ್ ಕಾಲಿನ್ಸ್ ಮತ್ತು ಎಲಿಜಬೆತ್ ಲಾಫ್ಟಸ್ 1975ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದೇ. ಅದಕ್ಕೂ ಮೊದಲು, 1879ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 75 ಪದಗಳ ಪಟ್ಟಿ ಮಾಡಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡಿದ್ದ. ಬಂದ ನೆನಪುಗಳು ಮತ್ತೆಮತ್ತೆ ಅವೇ ಆಗಿದ್ದವು, ಅವುಗಳಲ್ಲಿ ಬಹಳಷ್ಟು ಬಾಲ್ಯಕ್ಕೆ ಸೇರಿದ್ದವು.

"ಮೊದಲು ಹೊಳೆದ ಪದ ನಿಮ್ಮ ಸ್ವಭಾವ ಹೇಳುತ್ತದೆ" ಎಂಬ ಫಾರ್ವರ್ಡ್ ಕೂಡ ಓಡಾಡುತ್ತಿರುತ್ತದೆ. ಕಾರ್ಲ್ ಯುಂಗ್ 20ನೇ ಶತಮಾನದ ಆರಂಭದಲ್ಲಿ ಪದ ಹೇಳಿ ಪ್ರತಿಕ್ರಿಯೆ ಅಳೆಯುವ ಪ್ರಯೋಗಗಳನ್ನು ಮಾಡಿದ್ದು ನಿಜ. ಆದರೆ 1910ರಲ್ಲಿ ಅಮೆರಿಕದ ಕೆಂಟ್ ಮತ್ತು ರೋಸಾನಾಫ್ 100 ಪದಗಳನ್ನು 1000 ಜನರ ಮುಂದಿಟ್ಟಾಗ, ಬಹಳಷ್ಟು ಮಂದಿ ಒಂದೇ ರೀತಿಯ ಸಾಮಾನ್ಯ ಉತ್ತರಗಳನ್ನೇ ಕೊಟ್ಟರು. "ಮೇಜು" ಎಂದರೆ "ಕುರ್ಚಿ" ಎನ್ನುವುದರಲ್ಲಿ ಸ್ವಭಾವದ ಗುಟ್ಟೇನೂ ಇಲ್ಲ. ಮೊದಲ ಪದ ಹೆಚ್ಚಾಗಿ ಹೇಳುವುದು ನೀವು ಯಾವ ಊರಲ್ಲಿ, ಯಾವ ಮಾತಿನ ನಡುವೆ ಬೆಳೆದಿರಿ ಎಂಬುದನ್ನು.

ಆಟ ಮರೆವಿನ ಕಾಯಿಲೆಯನ್ನು ತಡೆಯುತ್ತದೆಯೇ?

ಫಾರ್ವರ್ಡ್‌ಗಳ ಬೇರು ಪೂರ್ತಿ ಸುಳ್ಳಲ್ಲ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ನ್ಯೂಯಾರ್ಕಿನ 75 ದಾಟಿದ 469 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿತು. ಓದುವವರು, ಬೋರ್ಡ್ ಆಟ ಆಡುವವರು, ವಾದ್ಯ ನುಡಿಸುವವರು, ನೃತ್ಯ ಮಾಡುವವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ ಕಂಡಿತು.

ಇಲ್ಲೊಂದು ತೊಡಕಿದೆ. ಆಟ ಆಡಿದ್ದಕ್ಕೆ ಕಾಯಿಲೆ ಬರಲಿಲ್ಲವೋ, ಅಥವಾ ಕಾಯಿಲೆ ಒಳಗೊಳಗೇ ಶುರುವಾಗಿದ್ದವರು ಆಟ ಬಿಟ್ಟಿದ್ದರೋ? ಇಂಥ ಅಧ್ಯಯನ ಈ ಪ್ರಶ್ನೆಗೆ ಖಚಿತ ಉತ್ತರ ಕೊಡಲಾರದು. ಅದಕ್ಕೆ ಜನರನ್ನು ಗುಂಪುಗಳಾಗಿ ವಿಂಗಡಿಸಿ ತರಬೇತಿ ಕೊಟ್ಟು ನೋಡಬೇಕು. ಅಮೆರಿಕದಲ್ಲಿ 65 ದಾಟಿದ 2,832 ಜನರ ಮೇಲೆ 'ಆ್ಯಕ್ಟಿವ್' ಎಂಬ ಅಂಥ ಪ್ರಯೋಗ ನಡೆಯಿತು. 2002ರಲ್ಲಿ ಬಂದ ಅದರ ಮೊದಲ ಫಲಿತಾಂಶದ ಪ್ರಕಾರ, ಯಾವುದರಲ್ಲಿ ತರಬೇತಿ ಸಿಕ್ಕಿತೋ ಅದೇ ಸುಧಾರಿಸಿತು. ನೆನಪಿನ ಅಭ್ಯಾಸ ಮಾಡಿದವರಿಗೆ ನೆನಪಿನ ಲೆಕ್ಕ ಚೆನ್ನಾಗಿ ಬಂತು, ಉಳಿದ ಕೌಶಲಗಳು ಅದರಿಂದ ಮೇಲೇರಲಿಲ್ಲ. ಪದಬಂಧ ಬಿಡಿಸಿದವರು ಪದಬಂಧದಲ್ಲಿ ಪಳಗುತ್ತಾರೆ ಎಂಬಂತೆ.

ಮೆದುಳಿನ ಆಟಗಳ ಆ್ಯಪ್ ಮಾರುತ್ತಿದ್ದ 'ಲುಮೋಸಿಟಿ' 2016ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಹೂಡಿದ್ದ ಪ್ರಕರಣ ಮುಗಿಸಲು 20 ಲಕ್ಷ ಡಾಲರ್ ಕೊಡಲು ಒಪ್ಪಿದ್ದೂ ಇಂಥದೇ ವಿಷಯಕ್ಕೆ. ಆಟ ಮರೆವನ್ನು ತಡೆಯುತ್ತದೆ ಎಂಬ ಜಾಹೀರಾತಿಗೆ ತಕ್ಕ ಪುರಾವೆ ಇರಲಿಲ್ಲ ಎನ್ನುವುದು ಆರೋಪವಾಗಿತ್ತು.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಲ್ಯಾನ್ಸೆಟ್ ಆಯೋಗದ 2024ರ ವರದಿ ಬದಲಾಯಿಸಬಹುದಾದ 14 ಅಪಾಯಗಳನ್ನು ಗುರುತಿಸಿದೆ. ಅವೆಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವಿ ಮಂದವಾಗುವುದು, ಚಿಕಿತ್ಸೆ ಸಿಗದ ದೃಷ್ಟಿದೋಷ, ಖಿನ್ನತೆ ಆ ಪಟ್ಟಿಯಲ್ಲಿವೆ. ಒಂಟಿತನದ ಬದುಕೂ ಇದೆ. ಪದದಾಟ ಈ ಪಟ್ಟಿಗೆ ತಾಗುವುದು ಆ ಕೊನೆಯ ಮಾತಿನಲ್ಲಿ. ಆಟ ಅಜ್ಜಿಯನ್ನು ನಾಲ್ಕು ಜನರ ನಡುವೆ ಮಾತಿಗೆ ಕೂರಿಸುತ್ತದೆ. ಬಿಪಿ ಮಾತ್ರೆಯ ಬದಲಿಗೆ ಆಟ ಆಡಿದರೆ ನಷ್ಟವೇ. ಬಿಪಿ ಮಾತ್ರೆ ನುಂಗಿ ಆಟಕ್ಕೆ ಕೂತರೆ ಒಳ್ಳೆಯದೇ.

10 ಸೆಕೆಂಡಿನ ಪರೀಕ್ಷೆ ಏಕೆ ತಪ್ಪು?

ಗೊತ್ತಿರುವ ಪದ ಬಾಯಿಯ ತುದಿಗೆ ಬಂದು ನಿಂತುಬಿಡುವುದು ಎಲ್ಲರಿಗೂ ಆಗುತ್ತದೆ. ವಯಸ್ಸಾದಂತೆ ಇನ್ನಷ್ಟು ಆಗುತ್ತದೆ. ಪದ ಹುಡುಕುವ ವೇಗ ತಗ್ಗುತ್ತದೆ, ಆದರೆ ಪದಸಂಪತ್ತು ಇಳಿವಯಸ್ಸಿನವರೆಗೂ ಚೆನ್ನಾಗಿ ಉಳಿದಿರುತ್ತದೆ. ಟೈಮರ್ ಅಳೆಯುವುದು ಅಜ್ಜಿಯಲ್ಲಿ ಕಡಿಮೆಯಾದದ್ದನ್ನು ಮಾತ್ರ. ಉಳಿದದ್ದು ಅದಕ್ಕೆ ಕಾಣುವುದಿಲ್ಲ.

ವೈದ್ಯರೂ ಪದಗಳಿಂದ ಪರೀಕ್ಷೆ ಮಾಡುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ಕೇಳುವುದುಂಟು. ಆದರೆ ಅದು ಹಲವು ಪರೀಕ್ಷೆಗಳಲ್ಲಿ ಒಂದು. ಉತ್ತರವನ್ನು ವಯಸ್ಸು, ಓದು ನೋಡಿ ತೂಗಬೇಕು. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಗೂ ನಿವೃತ್ತ ಶಿಕ್ಷಕಿಗೂ ಒಂದೇ ಅಳತೆ ಸಲ್ಲದು. ಅದಕ್ಕೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪ್ರತ್ಯೇಕ ಪರೀಕ್ಷಾ ಸಾಧನಗಳನ್ನು ರೂಪಿಸಿದೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇದು ತಳ್ಳಿಹಾಕುವ ವಿಷಯವಲ್ಲ. ಹಾಗಾಗಿ ಗಮನಿಸಬೇಕಾದ್ದು ಇವನ್ನು: ದಿನವೂ ಓಡಾಡುವ ದಾರಿ ತಪ್ಪುವುದು, ಸಂತೆಯ ಲೆಕ್ಕ ಹಿಡಿತಕ್ಕೆ ಸಿಗದಿರುವುದು, ಒಂದೇ ಪ್ರಶ್ನೆಯನ್ನು ಮತ್ತೆಮತ್ತೆ ಕೇಳುವುದು, ಸ್ವಭಾವವೇ ಬದಲಾಗುವುದು. ಇಂಥವು ಕಂಡರೆ ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಔಷಧಗಳಿಂದಲೂ ಮರೆವು ಬರುತ್ತದೆ. ಅವುಗಳಿಗೆ ಚಿಕಿತ್ಸೆ ಇದೆ.

ಒಂದು ಮಾತು ಮಾತ್ರ ತಡಮಾಡದೆ ನೆನಪಿಡಿ. ಚೆನ್ನಾಗಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ತೊದಲಿದರೆ, ಪದವೇ ಹೊರಡದಿದ್ದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು. ಆಗ ಆಟ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಸೋಲಿಸುವ ಆಟ, ಕೂಡಿ ಆಡುವ ಆಟ

ಮತ್ತೆ ಅಜ್ಜಿಯ ಬಳಿಗೆ ಬರೋಣ. ಅವರನ್ನು ಎಬ್ಬಿಸಿದ್ದು ಪದವಲ್ಲ, ಆಟದ ನಿಯಮ. ಒಬ್ಬರನ್ನು ಕೂರಿಸಿ ಉಳಿದವರು ಅಳೆದರೆ ಅದು ಆಟವಲ್ಲ, ಶಾಲೆಯ ಪರೀಕ್ಷೆ. ವೇಗಕ್ಕೇ ಅಂಕ ಸಿಗುವ ಆಟದಲ್ಲಿ ಹಿರಿಯರೂ ಪುಟ್ಟ ಮಕ್ಕಳೂ ಮೊದಲು ಹೊರಬೀಳುತ್ತಾರೆ.

ಎಲ್ಲರೂ ಒಂದೇ ತಂಡವಾಗಿ ಆಡುವ ಪದದಾಟಗಳೂ ಇವೆ. 'ಕೋಡ್‌ನೇಮ್ಸ್' ಆಟದ 2017ರ 'ಡ್ಯುಯೆಟ್' ರೂಪದಲ್ಲಿ ಇಬ್ಬರು ಒಬ್ಬರಿಗೊಬ್ಬರು ಸುಳಿವು ಕೊಡುತ್ತ ಒಟ್ಟಾಗಿ ಗೆಲ್ಲಬೇಕು. 2019ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಪಡೆದ 'ಜಸ್ಟ್ ಒನ್' ಇನ್ನೂ ಸರಳ. ಅದರ ನಿಯಮಕ್ಕೆ ಪೆಟ್ಟಿಗೆಯೂ ಬೇಕಿಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು.

ಮೂವರಿಂದ ಏಳು ಜನ ಕೂರಿ. ಚೀಟಿಗಳಲ್ಲಿ ಪದ ಬರೆದಿಡಿ. ಒಬ್ಬರು ಊಹಿಸುವವರು; ಅವರಿಗೆ ಬಿಟ್ಟು ಉಳಿದವರೆಲ್ಲರಿಗೂ ಪದ ಕಾಣಬೇಕು. ಪ್ರತಿಯೊಬ್ಬರೂ ಗುಟ್ಟಾಗಿ ಒಂದೇ ಒಂದು ಪದದ ಸುಳಿವು ಬರೆಯಬೇಕು. ಇಬ್ಬರು ಒಂದೇ ಸುಳಿವು ಬರೆದಿದ್ದರೆ ಎರಡೂ ರದ್ದು. ಉಳಿದ ಸುಳಿವುಗಳನ್ನು ನೋಡಿ ಊಹೆ.

ನಾವು ಬ್ಯಾಡಗಿಯ ಮನೆಯಲ್ಲಿ ಹೀಗೆ ಆಡಿದಾಗ ಬಂದ ಪದ "ಮೆಣಸಿನಕಾಯಿ". ಆ ಊರಲ್ಲಿ ಇದಕ್ಕಿಂತ ಸುಲಭದ ಪದ ಯಾವುದು? ಆದರೆ ಮೂವರು "ಖಾರ" ಎಂದೇ ಬರೆದಿದ್ದರು, ಮೂರೂ ರದ್ದಾದವು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಖಾರಕ್ಕಿಂತ ಬಣ್ಣಕ್ಕೆ ಎಂಬುದನ್ನು ಅವರು ಆ ಗಳಿಗೆಯಲ್ಲಿ ಮರೆತಿದ್ದರು. ಉಳಿದದ್ದು ಎರಡೇ. ಆ ಬಣ್ಣದ ಸಾರ ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದ ಕಾಲೇಜು ಹುಡುಗಿ ಬರೆದ "ಲಿಪ್‌ಸ್ಟಿಕ್", ಮತ್ತು ರಾಣೆಬೆನ್ನೂರಿನಿಂದ ಬಂದಿದ್ದ ಅದೇ ಅಜ್ಜಿ ಸೊಸೆಯ ಕಿವಿಯಲ್ಲಿ ಹೇಳಿ ಬರೆಸಿದ "ತೊಟ್ಟು". ಹರೆಯದಲ್ಲಿ ಅವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದವರು. ಮೊಮ್ಮಗ ಎರಡನ್ನೂ ನೋಡಿ ಸ್ವಲ್ಪ ಹೊತ್ತು ಯೋಚಿಸಿ ಸರಿಯಾಗಿ ಹೇಳಿದ. "ತೊಟ್ಟು ಯಾಕಜ್ಜಿ?" ಎಂದು ಕೇಳಿದ್ದಕ್ಕೆ ಅರ್ಧ ಗಂಟೆ ಕತೆ ಬಂತು. ಅದಕ್ಕೆ ಯಾರೂ ಟೈಮರ್ ಹಚ್ಚಲಿಲ್ಲ.

ಎಲ್ಲರಿಗೂ ಹೊಳೆಯುವ ಪದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಬ್ಬರಿಗೇ ಗೊತ್ತಿರುವ ಪದಕ್ಕೆ ಬೆಲೆ. ಹೆಚ್ಚು ಬಾಳಿದವರ ಬಳಿ ಅಂಥ ಪದಗಳು ಹೆಚ್ಚು.

ಆಡುವಾಗ ನೆನಪಿರಲಿ

ಟೈಮರ್ ಬೇಡ, ಅಂಕವೂ ಬೇಡ. ಬರೆಯಲು ಬಾರದವರು ಪಕ್ಕದವರ ಕಿವಿಯಲ್ಲಿ ಹೇಳಲಿ. ಟಿವಿ ಆರಿಸಿ, ಕಿವಿ ಮಂದ ಇರುವವರ ಎದುರು ಕೂತು ಮಾತಾಡಿ. ಎಷ್ಟೋ ಸಲ "ಮರೆವು" ಎಂದು ನಾವು ತಿಳಿಯುವುದು ಕೇಳಿಸದೇ ಇದ್ದದ್ದನ್ನು. ಪದಗಳು ಮನೆ, ಹೊಲ, ಸಂತೆಯವು ಇರಲಿ. ಬೇರೆ ಬೇರೆ ಊರಲ್ಲಿದ್ದರೆ ವಿಡಿಯೊ ಕರೆಯಲ್ಲಿ ಆಡಿ: ಎಲ್ಲರೂ ಸುಳಿವನ್ನು ಒಬ್ಬರಿಗೆ ಪ್ರತ್ಯೇಕವಾಗಿ ಕಳಿಸಲಿ, ಅವರು ಒಂದೇ ಆದವನ್ನು ತೆಗೆದು ಉಳಿದವನ್ನು ಓದಲಿ.

ಹಿರಿಯರಿಗೆ ನೆರವು ಬೇಕಾದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಮನಸ್ಸಿನ ಆರೋಗ್ಯದ ಮಾತಿಗೆ ಟೆಲಿ ಮಾನಸ್ 14416 ಇದೆ.

ಆ ಫಾರ್ವರ್ಡ್ ಮತ್ತೆ ಬಂದರೆ, 10 ಜನರಿಗೆ ಕಳಿಸುವ ಬದಲು ಇಷ್ಟು ಕಳಿಸಿ: "ಪದದಾಟ ಔಷಧವಲ್ಲ, ಪರೀಕ್ಷೆಯೂ ಅಲ್ಲ. ಮರೆವಿನ ಅನುಮಾನ ಇದ್ದರೆ ವೈದ್ಯರಿಗೆ ತೋರಿಸಿ. ಇವತ್ತು ಸಂಜೆ ಅಜ್ಜಿಯ ಜೊತೆ ಆಡಿ, ಅವರು ಕೊಟ್ಟ ಸುಳಿವಿನ ಕತೆ ಕೇಳಿ."