ಓಡುವ ಮನೆಯ ಕಪಾಟುಗಳು

ಈ ತಿಂಗಳ ವಿಷಯವನ್ನು ಕಂಡು, "ಅರವತ್ತು ಕಳೆದ ಮೇಷ್ಟರಿಗೆ ಇದೇನು ಹೊಸ ಹುಚ್ಚು?" ಎಂದು ವಾಚಕ ಮಹಾಶಯರು ನಗಬಹುದು. ಹಳೆಯ ಜೀಪೊಂದರ ಹಿಂಭಾಗವನ್ನು ಪುಟ್ಟ ಮನೆಯಂತೆ ಸಜ್ಜುಗೊಳಿಸಿ, ಗುಡ್ಡಗಾಡಿನ ದಾರಿಗಳಲ್ಲಿ ಸಂಚರಿಸುತ್ತ ಅಲ್ಲಲ್ಲಿ ತಂಗಬೇಕೆಂಬುದು ನನ್ನ ಮಗನ ಬಯಕೆ. ಒಳಗಿನ ಮಂಚ, ಕಪಾಟು, ಪೆಟ್ಟಿಗೆಗಳ ಮೇಲ್ವಿಚಾರಣೆಯು ನನ್ನ ಪಾಲಿಗೆ ಬಂದಿತು. ಆ ಕಾರ್ಯದಲ್ಲಿ ನಾನು ಮಾಡಿದ ತಪ್ಪನ್ನು ನಿವೇದಿಸಿಕೊಂಡರೆ ಇತರ ಗೃಹಸ್ಥರಿಗೆ ಕಿಂಚಿತ್ ಪ್ರಯೋಜನವಾದೀತು.

ನಮ್ಮ ಮನೆಯಲ್ಲಿರುವಂತೆಯೇ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ, ತಾನೇ ಅಂಟಿಕೊಳ್ಳುವ ಅಯಸ್ಕಾಂತದ ಚಿಲಕ, ಇವೇ ಆಗಬೇಕೆಂದು ನಾನು ಹಠ ಹಿಡಿದೆನು. ಆಚಾರಿಯವರು ವಿನಯದಿಂದ, "ಮೇಷ್ಟ್ರೇ, ಮನೆ ನಿಂತಿರುತ್ತೆ, ಗಾಡಿ ಕುಣಿಯುತ್ತೆ" ಎಂದರು. ನಾನು ಗಣಿಸಲಿಲ್ಲ. ಮೊದಲ ಪ್ರಯಾಣದಲ್ಲಿಯೇ, ಮೂಡಿಗೆರೆಯ ಕಡೆಯ ಒಂದು ಕಲ್ಲುದಾರಿಯ ತಿರುವಿನಲ್ಲಿ ಗಾಡಿಯು ಮಗ್ಗುಲಿಗೆ ವಾಲಿದೊಡನೆ, ಮೇಲಿನ ಕಪಾಟಿನ ಬಾಗಿಲು ತೆರೆದುಕೊಂಡಿತು. ದೋಸೆಯ ಕಾವಲಿಯು ಮೊಮ್ಮಗನ ತಲೆಗೆ ಗೇಣು ದೂರದಲ್ಲಿ ಹಾದು, ನನ್ನ ಪತ್ನಿಯ ಪಾದದ ಮೇಲೆ ಬಿದ್ದಿತು. ಆಕೆಯು ಮೂರು ವಾರ ಕಾಲೂರಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನವೇ ನನಗೆ ದಂಡನೆಯಾಯಿತು.

ಆಚಾರಿಯವರನ್ನು ಮತ್ತೆ ಕರೆಯಿಸಿ, ನನ್ನ ಅವಿವೇಕವನ್ನು ಒಪ್ಪಿಕೊಂಡು, ಎಲ್ಲವನ್ನೂ ಬಿಚ್ಚಿಸಿದೆನು. ನಿಂತ ಮನೆಯಲ್ಲಿ ವಸ್ತುವಿನ ಭಾರವು ಕೆಳಕ್ಕೆ ಮಾತ್ರ ಎಳೆಯುವುದು. ಓಡುವ ಗಾಡಿಯಲ್ಲಿಯಾದರೋ ಬ್ರೇಕು ಹಾಕಿದಾಗ ಮುಂದಕ್ಕೂ, ಏರಿನಲ್ಲಿ ಹಿಂದಕ್ಕೂ, ತಿರುವಿನಲ್ಲಿ ಪಕ್ಕಕ್ಕೂ, ಗುಂಡಿಗೆ ಬಿದ್ದೆದ್ದಾಗ ಮೇಲಕ್ಕೂ ವಸ್ತುಗಳು ನುಗ್ಗುವುವು. ಇಷ್ಟು ದಿಕ್ಕುಗಳಲ್ಲಿಯೂ ತಡೆಯಿರುವಂತೆ ಪ್ರತಿಯೊಂದನ್ನೂ ಕಟ್ಟತಕ್ಕದ್ದು.

ಮೊದಲನೆಯದು ತೂಕ. ಈಗ 12 ಮಿಲಿಮೀಟರ್ ಹಲಗೆಯನ್ನು ಬಳಸಿದ್ದೇವೆ. ಅದೇ ಜಾತಿಯ ಹಲಗೆಯಲ್ಲಿ ಮೂರನೆಯ ಒಂದು ಪಾಲು ಭಾರವು ಇಳಿಯಿತು. 20 ಲೀಟರ್ ನೀರೆಂದರೆ 20 ಕಿಲೋಗ್ರಾಂ. ನೀರು, ಪಾತ್ರೆ, ಉಪಕರಣಗಳು ನೆಲಕ್ಕೆ ತಾಗಿ, ಮುಂದಿನ ಹಿಂದಿನ ಗಾಲಿಗಳ ನಡುವೆ ಇರಬೇಕು. ಮೇಲಿನ ಕಪಾಟಿಗೆ ಬಟ್ಟೆ, ಹೊದಿಕೆಗಳೇ ಸಾಕು. ಭಾರವು ಮೇಲೇರಿದಷ್ಟೂ ಗಾಡಿಯು ಮಗುಚುವ ಭಯವು ಹೆಚ್ಚು.

ಎರಡನೆಯದು ಬಂಧನ. ಕೈಯಿಂದ ತಿರುಗಿಸಿದಲ್ಲದೆ ತೆರೆಯದ ಲೋಹದ ಚಿಲಕಗಳನ್ನು ಹಾಕಿಸಿದೆವು. ಎಳೆಯುವ ಖಾನೆಗಳ ಅಂಚಿನಲ್ಲಿ ಸಣ್ಣ ಪಟ್ಟಿಯನ್ನು ಕೂರಿಸಿ, ಕೊಂಚ ಎತ್ತಿದ ಹೊರತು ಈಚೆಗೆ ಬಾರದಂತೆ ಮಾಡಿದೆವು. ಪೆಟ್ಟಿಗೆಗಳನ್ನು ಅಗಲವಾದ ವಾಷರು, ಸಡಿಲವಾಗದ ನಟ್ಟುಗಳೊಡನೆ ಗಾಡಿಯ ತಳಕ್ಕೆ ಬೋಲ್ಟಿನಿಂದ ಬಿಗಿಯಬೇಕು. ರಂಧ್ರ ಕೊರೆಯುವ ಮುನ್ನ ಕೆಳಗೆ ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ, ವಿದ್ಯುತ್ತಂತಿಗಳು ಇಲ್ಲವೆಂದು ನೋಡಿಕೊಳ್ಳತಕ್ಕದ್ದು. ಪಾತ್ರೆಗಳ ನಡುವೆ ಹಳೆಯ ಕಂಬಳಿಯ ತುಂಡಿಟ್ಟರೆ ಗಲಗಲ ಶಬ್ದವಡಗುವುದು.

ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ತಳದಲ್ಲಿಯೇ ನಿಲ್ಲುವುದು. ಆದುದರಿಂದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ, ಅದರ ಗೂಡಿನ ತಳದಿಂದ ಗಾಡಿಯ ಹೊರಕ್ಕೆ ಗಾಳಿಕಂಡಿಯನ್ನು ಬಿಡಬೇಕು. ಬಾಗಿಲು ಮುಚ್ಚಿಕೊಂಡು ಒಲೆ ಹಚ್ಚುವುದು ಪ್ರಾಣಾಪಾಯಕರ.

ಕಾನೂನಿನ ಮಾತೂ ಒಂದುಂಟು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಕೆಲಸಕ್ಕೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಈಗ ಹೊರಡುವ ಮುನ್ನ ಮೊಮ್ಮಗನು ಒಂದೊಂದು ಚಿಲಕವನ್ನೂ ಎಳೆದು ನೋಡಿ, "ಅಜ್ಜಿ, ಎಲ್ಲಾ ಭದ್ರ" ಎಂದು ಕೂಗುತ್ತಾನೆ. ಆ ಮಾತನ್ನು ಕೇಳಿದ ಮೇಲೆಯೇ ಆಕೆಯು ಗಾಡಿ ಹತ್ತುವುದು. ನನ್ನನ್ನು ಮಾತ್ರ ಕೇಳುವುದಿಲ್ಲ.