ಫೇರ್ ಟ್ರೇಡ್ ಕಾಫಿ: ಮುದ್ರೆ ಇದೆ, ಎಷ್ಟು ಚೀಲ ಕೊಂಡ್ರಿ?

ಖಜೂರಿ ಕಡೆಯವರಾದ ನಾವು ಕಾಫಿ ಬಗ್ಗೆ ಬರೀತೀವಿ ಅಂದಾಗ ಕ್ಲಬ್ಬಿನ ಹಾಸನ, ಚಿಕ್ಕಮಗಳೂರಿನ ಗೆಳೆಯರು ನಕ್ಕರು. ನಗಲಿ. ನಮ್ಮ ಆಳಂದ ತಾಲ್ಲೂಕಿನ ಮನೆಗಳಲ್ಲಿ ಕುಡಿಯೋದು ಚಾ, ಹೊಲದಲ್ಲಿ ಬೆಳೆಯೋದು ತೊಗರಿ, ಕಡಲೆ, ಜೋಳ. ಕಾಫಿ ಗಿಡವನ್ನು ನಾವು ನೋಡಿದ್ದೇ ಕಾಲೇಜಿನ ಟ್ರಿಪ್ಪಿನಲ್ಲಿ. ಆದರೆ ಬೆಲೆಗೆ ಒಂದು ತಳ ಇರಬೇಕು, ಅದಕ್ಕಿಂತ ಕೆಳಗೆ ಯಾರೂ ಕೊಳ್ಳಬಾರದು ಅನ್ನೋ ಮಾತು ನಮಗೆ ಹೊಸದಲ್ಲ. ಅದರ ಹೆಸರು ನಮ್ಮಲ್ಲಿ ಬೆಂಬಲ ಬೆಲೆ. ಕಾಫಿ ಲೋಕದಲ್ಲಿ ಫೇರ್ ಟ್ರೇಡ್.

ದೊಡ್ಡ ಕಾಫಿ ಅಂಗಡಿಗಳ ಪ್ಯಾಕೆಟ್ಟಿನ ಮೇಲೆ ‘ಎಥಿಕಲ್’, ‘ಫೇರ್’ ಅಂತ ಕಂಡ ಕೂಡಲೇ ನಮ್ಮ ವಯಸ್ಸಿನವರಿಗೆ ಒಂದು ಸಮಾಧಾನ. ದುಬಾರಿ ಆದರೇನು, ರೈತನಿಗೆ ಹೋಗ್ತದಲ್ಲ! ಈ ಸಮಾಧಾನ ಎಷ್ಟು ಗಟ್ಟಿ ಅಂತ ನೋಡೋಣ ಅನ್ನಿಸಿತು.

ಈ ಪದ್ಧತಿಯ ಮೊದಲ ಮುದ್ರೆ ಬಂದದ್ದು 1988ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಹೆಸರು ಮ್ಯಾಕ್ಸ್ ಹಾವೆಲಾರ್. ಕಾಫಿ ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಸಣ್ಣ ಬೆಳೆಗಾರರದು. ನಿಯಮ ಸರಳ: ಮಾರುಕಟ್ಟೆ ಎಷ್ಟೇ ಬಿದ್ದರೂ ಒಂದು ಕನಿಷ್ಠ ಬೆಲೆ ಕೊಡಬೇಕು, ಅದರ ಮೇಲೆ ಬೆಳೆಗಾರರ ಸಂಘಕ್ಕೆ ಒಂದಿಷ್ಟು ಹೆಚ್ಚುವರಿ ಹಣ ಕೊಡಬೇಕು. ಆ ಹಣದಲ್ಲಿ ಏನು ಮಾಡೋದು ಅಂತ ಸಂಘದವರೇ ಕೂತು ತೀರ್ಮಾನಿಸಬೇಕು.

ಇದು ಕೆಲಸಕ್ಕೆ ಬಾರದ ಯೋಜನೆ ಅಂತ ನಾವು ಹೇಳುತ್ತಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. ನಮ್ಮಲ್ಲಿ ಕಾಫಿ ಬೋರ್ಡ್ ಬೆಳೆಗಾರರಿಂದ ಕಾಫಿ ಪಡೆದು ತಾನೇ ಮಾರುತ್ತಿದ್ದ ಪೂಲ್ ವ್ಯವಸ್ಥೆಯೂ 1990ರ ದಶಕದ ಮಧ್ಯಕ್ಕೆ ಮುಗಿಯಿತು. ಆಮೇಲೆ ಕೊಡಗಿನ ಬೆಳೆಗಾರನೂ ನ್ಯೂಯಾರ್ಕಿನ ದರ ನೋಡಿಕೊಂಡೇ ಬದುಕಬೇಕಾಯಿತು. 2001ರಲ್ಲಿ ಆ ದರ ಪೌಂಡಿಗೆ, ಅಂದ್ರೆ ಸುಮಾರು 454 ಗ್ರಾಂಗೆ, 50 ಸೆಂಟಿಗಿಂತ ಕೆಳಗೆ ಬಿತ್ತು. ಅದೇ ಹೊತ್ತಿನಲ್ಲಿ ಫೇರ್ ಟ್ರೇಡ್ ಲೆಕ್ಕದಲ್ಲಿ ಮಾರಿದವರಿಗೆ ಅರಾಬಿಕಾಕ್ಕೆ ಸಿಕ್ಕಿದ್ದು 1 ಡಾಲರ್ 26 ಸೆಂಟ್. ಎರಡೂವರೆ ಪಟ್ಟು! ಕಷ್ಟಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ‘ಮಾರಿದವರಿಗೆ’ ಅನ್ನೋ ಪದ ಗಮನಿಸಿ. ಇಡೀ ವಿಷಯ ಅಲ್ಲೇ ಇದೆ.

ಸ್ಟಾರ್‌ಬಕ್ಸ್ ಕಂಪನಿಯನ್ನೇ ತಗೊಳ್ಳಿ. ಅಮೆರಿಕದಲ್ಲಿ ಹೋರಾಟಗಾರರು ಅಂಗಡಿಗಳ ಮುಂದೆ ಪ್ರತಿಭಟನೆಗೆ ತಯಾರಾದ ಮೇಲೆ, 2000ದಲ್ಲಿ ಅದು ಫೇರ್ ಟ್ರೇಡ್ ಕಾಫಿ ಕೊಳ್ಳಲು ಒಪ್ಪಿತು. 2009ರಲ್ಲಿ 3.9 ಕೋಟಿ ಪೌಂಡ್ ಕೊಂಡಿತು. ಜಗತ್ತಿನಲ್ಲೇ ಅತಿ ಹೆಚ್ಚು ಫೇರ್ ಟ್ರೇಡ್ ಕಾಫಿ ಕೊಳ್ಳುವವರು ನಾವೇ ಅಂತ ಹೇಳಿಕೊಂಡಿತು, ಅದು ಖರೇನೂ ಹೌದು. ಆದರೆ ಆ ವರ್ಷ ಕಂಪನಿ ಕೊಂಡ ಒಟ್ಟು ಕಾಫಿ 36.7 ಕೋಟಿ ಪೌಂಡ್. ಭಾಗಿಸಿ ನೋಡಿದರೆ ಶೇ. 11ಕ್ಕೂ ಸ್ವಲ್ಪ ಕಡಿಮೆ. ಜಗತ್ತಿಗೇ ದೊಡ್ಡವನಾದರೂ ತನ್ನ ಚೀಲಗಳಲ್ಲಿ ಒಂಬತ್ತಕ್ಕೆ ಒಂದು.

ಉಳಿದದ್ದರಲ್ಲಿ ಹೆಚ್ಚಿನ ಪಾಲು ಬಂದದ್ದು ‘ಕೆಫೆ ಪ್ರಾಕ್ಟೀಸಸ್’ ಅನ್ನೋ ನಿಯಮಾವಳಿಯಲ್ಲಿ. ಅದನ್ನು 2004ರಲ್ಲಿ ಕಂಪನಿಯೇ ಕನ್ಸರ್ವೇಷನ್ ಇಂಟರ್‌ನ್ಯಾಷನಲ್ ಸಂಸ್ಥೆಯ ಜೊತೆ ಸೇರಿ ಮಾಡಿಕೊಂಡಿತು. ಕಾಡು, ನೀರು, ಕೂಲಿಕಾರರ ವಸತಿ ಎಲ್ಲದಕ್ಕೂ ಅಂಕ ಇವೆ, ರೈತನಿಗೆ ಎಷ್ಟು ಸಂದಿತು ಅಂತ ರಸೀದಿ ತೋರಿಸಬೇಕು ಅಂತಲೂ ಇದೆ. ಇಲ್ಲದ್ದು ಒಂದೇ: ಇದಕ್ಕಿಂತ ಕೆಳಗೆ ಕೊಳ್ಳೋದಿಲ್ಲ ಅನ್ನೋ ಕನಿಷ್ಠ ಬೆಲೆ. 2015ರಲ್ಲಿ ‘ನಮ್ಮ ಕಾಫಿಯ ಶೇ. 99 ನೈತಿಕವಾಗಿ ಕೊಂಡದ್ದು’ ಅಂತ ಕಂಪನಿ ಸಾರಿದಾಗ ಅದರ ಹಿಂದೆ ಮುಖ್ಯವಾಗಿ ಇದ್ದದ್ದು ಈ ನಿಯಮಾವಳಿಯೇ. ಪರಿಶೀಲನೆಗೆ ಹೊರಗಿನವರು ಬರ್ತಾರೆ, ಇಲ್ಲ ಅನ್ನೋದಿಲ್ಲ. ಆದರೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಎಷ್ಟೇ ಪ್ರಾಮಾಣಿಕ ಆಗಿದ್ದರೂ ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆ ಕೇಳೋಕಾಗಲ್ಲ, ಇದು ನಮಗೆಲ್ಲ ಗೊತ್ತಿರೋದೇ.

ಈಗ ಬೆಳೆಗಾರನ ಕಡೆ ನಿಂತು ನೋಡೋಣ. ಸಂಘಕ್ಕೆ ಸರ್ಟಿಫಿಕೇಟ್ ಸಿಕ್ಕಿತು ಅಂದ್ರೆ ಅದರ ಎಲ್ಲ ಕಾಫಿಯೂ ಆ ಬೆಲೆಗೆ ಹೋಗ್ತದೆ ಅಂತಲ್ಲ. ಕೊಳ್ಳುವವರು ಎಷ್ಟು ಕೇಳ್ತಾರೋ ಅಷ್ಟು ಮಾತ್ರ. ಎಷ್ಟೋ ಸಂಘಗಳಲ್ಲಿ ಮಿಕ್ಕ ಚೀಲಗಳು ಮಾಮೂಲಿ ದರಕ್ಕೇ ಹೋಗುತ್ತವೆ. ತಪಾಸಣೆಯ ಖರ್ಚು ಮಾತ್ರ ಪೂರ್ತಿ.

ಇದನ್ನು ಓದಿದಾಗ ನಮಗೆ ನಮ್ಮೂರೇ ಕಂಡಿತು. ತೊಗರಿಗೆ 2024-25ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ, 2025-26ಕ್ಕೆ 8,000. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಖರೀದಿ ಕೇಂದ್ರ ತೆರೆಯಬೇಕು, ಹೆಸರು ನೋಂದಾಯಿಸಬೇಕು, ಎಕರೆಗೆ ಇಷ್ಟು, ಒಬ್ಬ ರೈತನಿಗೆ ಇಷ್ಟು ಅಂತ ಮಿತಿ ಬೇರೆ. ರಾಶಿ ಮುಗಿದ ವಾರವೇ ರೊಕ್ಕ ಬೇಕಾದವನು ಅಡತಿ ಅಂಗಡಿಗೆ ಚೀಲ ಹಾಕಿ ಬರ್ತಾನೆ. 2016-17ರಲ್ಲಿ ಬೆಂಬಲ ಬೆಲೆ 5,050 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ದಿದ್ದು ನಮ್ಮ ಮನೆಗಳಲ್ಲಿ ಇವತ್ತಿಗೂ ಮಾತಾಗ್ತದೆ. ಬೆಲೆ ಘೋಷಣೆ ಆಗೋದು ಒಂದು, ಆ ಬೆಲೆಗೆ ಚೀಲ ಎತ್ತೋದು ಇನ್ನೊಂದು. ಒಂದು ವ್ಯತ್ಯಾಸ ಇದೆ: ಇಲ್ಲಿ ಖರೀದಿ ಆಗದಿದ್ದರೆ ಶಾಸಕರ ಮನೆ ಮುಂದೆ ಕೂಡಬಹುದು. ಸಿಯಾಟಲ್‌ನ ಆಫೀಸಿನ ಮುಂದೆ ಓಹಾಕಾದ ರೈತ ಹೋಗಿ ಕೂಡೋಕಾಗ್ತದೇನು?

ನಮ್ಮ ರಾಜ್ಯದ ಕಾಫಿಗೆ ಇನ್ನೊಂದು ತೊಡಕು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. 2012ರಲ್ಲಿ ಮುಂಬೈಯಲ್ಲಿ ಮೊದಲ ಅಂಗಡಿ ತೆರೆದ ಟಾಟಾ ಸ್ಟಾರ್‌ಬಕ್ಸ್‌ಗೆ ಕಾಫಿ ಹುರಿದು ಕೊಟ್ಟದ್ದು ಟಾಟಾ ಕಾಫಿ. ಕೊಡಗಿನಲ್ಲಿ ಅದರದೇ ದೊಡ್ಡ ತೋಟಗಳಿದ್ದವು. ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ನಿಯಮದಲ್ಲಿ ಕಾಫಿಗೆ ಸರ್ಟಿಫಿಕೇಟ್ ಸಿಗೋದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ, ಎಸ್ಟೇಟ್‌ಗಳಿಗೆ ಇಲ್ಲ. ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವವರಿಗೆ ಕಾಫಿ ದರ ಏರಿದರೇನು ಇಳಿದರೇನು, ಅವರಿಗೆ ಬೇಕಾದದ್ದು ಕೂಲಿಯ ಲೆಕ್ಕ. ಪುಣೆ, ಹೈದರಾಬಾದಿಗೆ ಗುಳೆ ಹೋಗುವವರ ಊರಿನಿಂದ ಬಂದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದು ಬೇರೆಯದೇ ಲೇಖನ ಆದೀತು.

ಒಂದು ಕಪ್ಪಿನ ಲೆಕ್ಕವನ್ನೂ ಮಾಡಿದೆವು. ಅರಾಬಿಕಾಕ್ಕೆ 2023ರ ಆಗಸ್ಟ್‌ನಿಂದ ಫೇರ್ ಟ್ರೇಡ್ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್, ಹೆಚ್ಚುವರಿ 20 ಸೆಂಟ್, ಒಟ್ಟು 2 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೆ ಕಿಲೋಗೆ ಸುಮಾರು 375. ಗಟ್ಟಿ ಕಾಫಿ ಒಂದು ಕಪ್ಪಿಗೆ ಹುರಿದ ಪುಡಿ 18 ಗ್ರಾಂ, ಹುರಿಯುವಾಗ ಕಳೆಯುವ ತೂಕ ಸೇರಿಸಿದರೆ ಹಸಿ ಬೀಜ 22 ಗ್ರಾಂ. ಅಂದ್ರೆ 8 ರೂಪಾಯಿ. ಅದೂ ಸಂಘಕ್ಕೆ, ಹಡಗು ಹತ್ತುವ ಹೊತ್ತಿನ ಬೆಲೆ. ಕಪ್ಪಿಗೆ ನಾವು ಕೊಡೋದು 300ರ ಆಸುಪಾಸು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ದರ 4 ಡಾಲರ್ ದಾಟಿದಾಗ ಈ ಕನಿಷ್ಠ ಬೆಲೆ ಯಾರಿಗೂ ಬೇಕಾಗಲಿಲ್ಲ. ಬೇಕಾಗೋದು ಮತ್ತೆ ಬಿದ್ದಾಗ, ಆಗ ಎಷ್ಟು ಕಂಪನಿಗಳು ಎಷ್ಟು ಚೀಲ ಕೊಳ್ಳುತ್ತವೆ ಅನ್ನೋದೇ ಪರೀಕ್ಷೆ.

2019ರಲ್ಲಿ ಕೊಡಗು ಅರಾಬಿಕಾ, ಚಿಕ್ಕಮಗಳೂರು ಅರಾಬಿಕಾ, ಬಾಬಾಬುಡನ್‌ಗಿರಿ ಅರಾಬಿಕಾಗಳಿಗೆ ಜಿಐ ಮಾನ್ಯತೆ ಬಂತು. ಅದೇ ವರ್ಷ ಕಲಬುರಗಿ ತೊಗರಿಬೇಳೆಗೂ ಬಂತು. ನಮಗೆ ಹೆಮ್ಮೆಯೇ. ಆದರೆ ಜಿಐ ಹೇಳೋದು ಊರಿನ ಹೆಸರನ್ನು, ದರವನ್ನಲ್ಲ.

ಹಾಗಾಗಿ ನಮ್ಮ ಹಾಸ್ಟೆಲ್ ಮೆಸ್ಸಿನ ಬೇಳೆಯನ್ನಾದರೂ ಆಳಂದದ ರೈತರಿಂದ ನೇರ, ಬೆಂಬಲ ಬೆಲೆಗೆ ಕಡಿಮೆ ಇಲ್ಲದಂತೆ ಕೊಳ್ಳಬಹುದಾ ಅಂತ ಯೋಚಿಸಿ, ಊರಿನ ಕಾಕಾ ಒಬ್ಬರಿಗೆ ಫೋನ್ ಮಾಡಿದೆವು. ಫೇರ್ ಟ್ರೇಡ್ ಕಥೆ ಎಲ್ಲ ಹೇಳಿ ಮುಗಿಸೋ ತನಕ ಸುಮ್ಮನೆ ಕೇಳಿದರು. ಆಮೇಲೆ, “ಅದೆಲ್ಲ ಛಲೋ ಅದ. ಎಷ್ಟ್ ಕ್ವಿಂಟಲ್ ಬೇಕು, ಎಷ್ಟ್ ವರ್ಷ ತಗೋತೀರಿ? ಅದ್ ಮೊದಲ ಹೇಳ್ರಪಾ” ಅಂದರು.

ಕೂತು ಲೆಕ್ಕ ಹಾಕಿದೆವು. 400 ಮಂದಿ, ತಲೆಗೆ ದಿನಕ್ಕೆ 50 ಗ್ರಾಂ, ವರ್ಷಕ್ಕೆ 280 ದಿನ: 56 ಕ್ವಿಂಟಲ್ ಬೇಳೆ. ಅದಕ್ಕೆ ಹತ್ತಿರ ಹತ್ತಿರ 78 ಕ್ವಿಂಟಲ್ ತೊಗರಿ ಬೇಕು. ಎಕರೆಗೆ 4 ಕ್ವಿಂಟಲ್ ಅಂದರೆ 20 ಎಕರೆ ಹೊಲ. ಈ ಅಂಕಿಗಳನ್ನು ಬರೆದು ಮೆಸ್ ಕಮಿಟಿಗೆ ಕೊಟ್ಟಿದ್ದೇವೆ, ಮೂರು ವರ್ಷಕ್ಕೆ ಅಂತ ಕೇಳಿದ್ದೇವೆ.